ಎತ್ತರಿಸಿದ ಜೀಪಿಗೆ ದೊಡ್ಡ ಟಯರು: ಕೊಳ್ಳುವ ಮೊದಲು ತಿಳಿಯಬೇಕಾದ ಸಂಗತಿಗಳು

ದಕ್ಷಿಣ ಕನ್ನಡ ಜಿಲ್ಲೆಯ ಅಡಿಕೆ, ತೆಂಗು, ರಬ್ಬರು ಬೆಳೆಗಾರರಿಗೆ ಜೀಪು ಮೋಜಿನ ವಾಹನವಲ್ಲ. ಅದು ಬೇಸಾಯದ ಒಂದು ಸಲಕರಣೆ. ಗೊಬ್ಬರದ ಚೀಲ, ಮೈಲುತುತ್ತು, ಸುಣ್ಣ, ಪಂಪುಸೆಟ್ಟು ಇವೆಲ್ಲ ಗುಡ್ಡದಿಂದ ತೋಟಕ್ಕೆ ಇಳಿಯಬೇಕು. ಸುಲಿದ ಚಾಲಿ ಅಡಿಕೆ ತೋಟದಿಂದ ಮೇಲೆ ಬಂದು ಮಂಗಳೂರಿನ ಮಂಡಿಗೋ ಕ್ಯಾಂಪ್ಕೋಗೋ ಸೇರಬೇಕು. ಬೆಳಿಗ್ಗೆ ಕೆಂಪು ಕೆಸರಿನ ಏರನ್ನು ಹತ್ತಿದ ಜೀಪು ಮಧ್ಯಾಹ್ನದ ಹೊತ್ತಿಗೆ ಪಂಪ್‌ವೆಲ್ ಅಥವಾ ನಂತೂರಿನ ಕಾಂಕ್ರೀಟು ರಸ್ತೆಯಲ್ಲಿ ಬಸ್ಸು ಲಾರಿಗಳ ನಡುವೆ ಓಡುತ್ತಿರುತ್ತದೆ. ಈ ಎರಡೂ ದಾರಿಗೆ ಒಂದೇ ಜೊತೆ ಟಯರು ಒಗ್ಗಬೇಕು. ಆಯ್ಕೆಯ ಕಷ್ಟವೆಲ್ಲ ಇಲ್ಲಿಯೇ ಇದೆ.

ಇತ್ತೀಚಿನ ವರ್ಷಗಳಲ್ಲಿ ಜೀಪಿನ ಸ್ಪ್ರಿಂಗ್ ಎತ್ತರಿಸಿ ದೊಡ್ಡ ಟಯರು ಹಾಕಿಸುವುದು ರೂಢಿಗೆ ಬಂದಿದೆ. ಹೀಗೆ ಮಾಡಿದರೆ ಜೀಪು ಎಲ್ಲಿಯೂ ಹೂಳುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ನಿಜ. ದೊಡ್ಡ ಟಯರಿನಿಂದ ಏರಿನಲ್ಲಿ ಸಿಗುವ ಲಾಭ ಕಣ್ಣಿಗೆ ಕಾಣುತ್ತದೆ. ಇಳಿಜಾರಿನಲ್ಲಿ ಆಗುವ ನಷ್ಟ ಮಾತ್ರ ಬ್ರೇಕು ಹಿಡಿಯದೆ ಹೋದಾಗಲೇ ತಿಳಿಯುತ್ತದೆ. ಆದುದರಿಂದ ಟಯರು ಕೊಳ್ಳಲು ಹೊರಡುವ ಮೊದಲು ಈ ಲೇಖನದಲ್ಲಿ ಹೇಳಿರುವ ಲೆಕ್ಕಗಳನ್ನು ಮನೆಯಲ್ಲಿಯೇ ಕುಳಿತು ಹಾಕಿ ನೋಡುವುದು ಒಳ್ಳೆಯದು.

ಸ್ಪ್ರಿಂಗ್ ಎತ್ತರಿಸುವುದರಿಂದ ಏನು ಲಾಭ? ಟಯರಿನಿಂದ ಏನು?

ಜೀಪನ್ನು ಎತ್ತರಿಸಲು ಪಟ್ಟಿ ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿ ಸೇರಿಸುತ್ತಾರೆ, ಉದ್ದನೆಯ ಶಕಲ್ ಹಾಕುತ್ತಾರೆ ಅಥವಾ ಆ್ಯಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ತುಂಡು ಇಡುತ್ತಾರೆ. ಇದರಿಂದ ಛಾಸಿ ಮತ್ತು ಬಾಡಿ ಮಾತ್ರ ಮೇಲೇರುತ್ತವೆ. ಆ್ಯಕ್ಸಲ್ಲು ಇದ್ದಲ್ಲಿಯೇ ಇರುತ್ತದೆ. ಜೀಪಿನಲ್ಲಿ ಎಲ್ಲಕ್ಕಿಂತ ಕೆಳಗೆ ನೇತಾಡುವ ಭಾಗವೆಂದರೆ ಆ್ಯಕ್ಸಲ್ಲಿನ ನಡುವೆ ಉಂಡೆಯಂತಿರುವ ಡಿಫರೆನ್ಷಿಯಲ್. ಚಕ್ರದ ಜಾಡುಗಳ ನಡುವಿನ ದಿಬ್ಬಕ್ಕೆ, ಮುರಕಲ್ಲಿನ ಮೊನೆಗೆ ತಾಗುವುದು ಇದೇ. ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಈ ಉಂಡೆ ಒಂದು ನೂಲಿನಷ್ಟೂ ಮೇಲೇರುವುದಿಲ್ಲ.

ಆ್ಯಕ್ಸಲ್ಲನ್ನು ಎತ್ತರಿಸಬಲ್ಲದ್ದು ಟಯರು ಮಾತ್ರ. ಅದೂ ಟಯರಿನ ವ್ಯಾಸ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು. ಹಾಗಾದರೆ ಸ್ಪ್ರಿಂಗ್ ಎತ್ತರಿಸುವುದೇಕೆ? ದೊಡ್ಡ ಟಯರು ಮಡ್‌ಗಾರ್ಡಿಗೆ ಉಜ್ಜದೆ ತಿರುಗಲು ಜಾಗ ಬೇಕಲ್ಲ, ಅದಕ್ಕೆ. ಅಂದರೆ ಮೊದಲು ನಿರ್ಧರಿಸಬೇಕಾದದ್ದು ಟಯರಿನ ಅಳತೆ. ಎತ್ತರ ಬೇಕೋ ಬೇಡವೋ, ಬೇಕಾದರೆ ಎಷ್ಟು ಎಂಬುದು ನಂತರದ ಮಾತು. ಹೆಚ್ಚಿನವರು ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಎತ್ತರಿಸಿ, ಅನಂತರ ಆ ಖಾಲಿ ಜಾಗವನ್ನು ತುಂಬಲು ಟಯರು ಹುಡುಕುತ್ತಾರೆ.

ಟಯರಿನ ಅಂಕಿ ಓದುವ ಬಗೆ

ಟಯರಿನ ಪಕ್ಕದಲ್ಲಿ 215/75 ಆರ್ 15 ಎಂದು ಇದೆ ಎನ್ನೋಣ. ಬೊಲೆರೊ ವಾಹನಕ್ಕೆ ಬರುವ ಅಳತೆ ಇದು. ಇಲ್ಲಿ 215 ಎಂಬುದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂಬುದು ಪಕ್ಕದ ಗೋಡೆಯ ಎತ್ತರ. ಅದು ಅಗಲದ ನೂರಕ್ಕೆ 75ರಷ್ಟು ಎಂದರ್ಥ. 'ಆರ್' ಎಂದರೆ ರೇಡಿಯಲ್ ಟಯರು. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ.

ಒಟ್ಟು ವ್ಯಾಸ ಕಂಡುಹಿಡಿಯುವುದು ಸುಲಭ. 215ರ ನೂರಕ್ಕೆ 75 ಎಂದರೆ 161 ಮಿ.ಮೀ. ಮೇಲೆ ಮತ್ತು ಕೆಳಗೆ ಎರಡು ಗೋಡೆ ಸೇರಿ ಸುಮಾರು 322 ಮಿ.ಮೀ. ರಿಮ್ಮಿನ 15 ಅಂಗುಲವನ್ನು 25.4ರಿಂದ ಗುಣಿಸಿದರೆ 381 ಮಿ.ಮೀ. ಎರಡನ್ನೂ ಕೂಡಿಸಿದರೆ 703 ಮಿ.ಮೀ.

ಹಳೆಯ ಜೀಪುಗಳಿಗೆ ಬರುತ್ತಿದ್ದ 6.00–16 ಟಯರಿನಲ್ಲಿ 6 ಅಂಗುಲ ಅಗಲ, 16 ಅಂಗುಲ ರಿಮ್ಮು. ಕೆಲವು ಟಯರುಗಳ ಮೇಲೆ 31×10.5 ಆರ್ 15 ಎಂದಿರುತ್ತದೆ. ಇದರಲ್ಲಿ ಒಟ್ಟು ವ್ಯಾಸವೇ 31 ಅಂಗುಲ, ಅಗಲ ಹತ್ತೂವರೆ ಅಂಗುಲ.

215/75 ಆರ್ 15 ಇದ್ದ ವಾಹನಕ್ಕೆ ದೊಡ್ಡ ಟಯರು ಹಾಕಿದರೆ ಆಗುವ ಬದಲಾವಣೆಯನ್ನು ಕೆಳಗೆ ಕೊಟ್ಟಿದೆ. ಇದು ಅಂಕಿಗಳಿಂದ ಹಾಕಿದ ಲೆಕ್ಕ. ಕಂಪೆನಿಯಿಂದ ಕಂಪೆನಿಗೆ ಕೆಲವು ಮಿ.ಮೀ. ವ್ಯತ್ಯಾಸ ಇರುತ್ತದೆ.

ಅ) 235/75 ಆರ್ 15: ವ್ಯಾಸ 733 ಮಿ.ಮೀ. ಆ್ಯಕ್ಸಲ್ಲು ಮೇಲೇರುವುದು 15 ಮಿ.ಮೀ. ಚಕ್ರದ ಎಳೆತ ಕಡಿಮೆಯಾಗುವುದು ನೂರಕ್ಕೆ 4. ಮೀಟರು 60 ತೋರಿಸುವಾಗ ನಿಜವಾದ ವೇಗ 62 ಕಿ.ಮೀ.ಗಿಂತ ತುಸು ಹೆಚ್ಚು.

ಆ) 30×9.5 ಆರ್ 15: ವ್ಯಾಸ 762 ಮಿ.ಮೀ. ಆ್ಯಕ್ಸಲ್ಲು ಮೇಲೇರುವುದು 29 ಮಿ.ಮೀ. ಎಳೆತ ಕಡಿಮೆಯಾಗುವುದು ನೂರಕ್ಕೆ ಸುಮಾರು 8. ಮೀಟರು 60 ತೋರಿಸುವಾಗ ನಿಜವಾದ ವೇಗ 65 ಕಿ.ಮೀ.

ಇ) 31×10.5 ಆರ್ 15: ವ್ಯಾಸ 787 ಮಿ.ಮೀ. ಆ್ಯಕ್ಸಲ್ಲು ಮೇಲೇರುವುದು 42 ಮಿ.ಮೀ. ಎಳೆತ ಕಡಿಮೆಯಾಗುವುದು ನೂರಕ್ಕೆ ಸುಮಾರು 11. ಮೀಟರು 60 ತೋರಿಸುವಾಗ ನಿಜವಾದ ವೇಗ 67 ಕಿ.ಮೀ.

ಮೂರನೆಯ ಸಾಲನ್ನು ಗಮನಿಸಿ. ಇಷ್ಟು ದೊಡ್ಡ ಟಯರು ಹಾಕಿ, ಅದಕ್ಕಾಗಿ ಜೀಪನ್ನೂ ಎತ್ತರಿಸಿ, ಡಿಫರೆನ್ಷಿಯಲ್ ಅಡಿಯಲ್ಲಿ ಸಿಕ್ಕುವುದು ಒಂದೂಮುಕ್ಕಾಲು ಅಂಗುಲಕ್ಕಿಂತ ಕಡಿಮೆ. ತೋಟದ ದಾರಿಯ ನಡುವಿನ ದಿಬ್ಬವನ್ನು ಎರಡು ಆಳು ಅರ್ಧ ದಿನ ಕೆತ್ತಿದರೆ ಇದಕ್ಕಿಂತ ಹೆಚ್ಚು ಎತ್ತರ ಸಿಗುತ್ತದೆ ಎಂಬುದನ್ನು ಮರೆಯಬಾರದು.

ಇಳಿಜಾರಿನ ಲೆಕ್ಕ

ಎಂಜಿನ್ನು ಮತ್ತು ಬ್ರೇಕು ಚಕ್ರದ ನಡುವಿನಲ್ಲಿ ಕೆಲಸ ಮಾಡುತ್ತವೆ; ನೆಲವನ್ನು ಹಿಡಿಯುವುದು ಚಕ್ರದ ಅಂಚು. ಚಕ್ರ ದೊಡ್ಡದಾದಷ್ಟೂ ಅಂಚು ದೂರವಾಗುತ್ತದೆ, ಅಂಚಿನಲ್ಲಿ ಸಿಗುವ ಬಲ ಕಡಿಮೆಯಾಗುತ್ತದೆ. ಏರು ಹತ್ತುವಾಗ ಎಳೆತ ಕಡಿಮೆಯಾದರೆ ಗೇರು ಇಳಿಸಿ ಸುಧಾರಿಸಬಹುದು. ಇಳಿಯುವಾಗ ಕಡಿಮೆಯಾದರೆ ಅಪಾಯ.

ಒಂದು ಉದಾಹರಣೆ ನೋಡೋಣ. ಐದು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ದಾರಿ ನಮ್ಮ ತೋಟಗಳಲ್ಲಿ ಅಪರೂಪವಲ್ಲ. ಸಾಮಾನು ಮತ್ತು ಆಳುಗಳು ಸೇರಿ ಜೀಪಿನ ತೂಕ 2,000 ಕಿಲೋ ಆದರೆ, ಆ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 390 ಕಿಲೋ. ಮೊದಲಿನ ಟಯರಿನಲ್ಲಿ ಒಂದನೆಯ ಗೇರಿನ ಎಂಜಿನ್ ತಡೆ 400 ಕಿಲೋ ಇತ್ತು ಎಂದಿಟ್ಟುಕೊಳ್ಳಿ. ಆಗ ಜೀಪು ಬ್ರೇಕು ಮುಟ್ಟದೆಯೇ ಮೆಲ್ಲಗೆ ಇಳಿಯುತ್ತಿತ್ತು. 31 ಅಂಗುಲದ ಟಯರು ಹಾಕಿದ ಮೇಲೆ ಅದೇ ಎಂಜಿನ್ನಿನ ತಡೆ 357 ಕಿಲೋಗೆ ಇಳಿಯುತ್ತದೆ. ಈಗ ಜೀಪು ತಾನಾಗಿ ವೇಗ ಪಡೆಯುತ್ತದೆ. ಇಳಿಜಾರಿನ ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇರಬೇಕಾಗುತ್ತದೆ. ಆ ಬ್ರೇಕಿನ ಹಿಡಿತವೂ ನೂರಕ್ಕೆ 11ರಷ್ಟು ಕುಗ್ಗಿದೆ. ಬಹಳ ಹೊತ್ತು ಒತ್ತಿದ ಬ್ರೇಕು ಕಾದು ಹಿಡಿತ ಬಿಡುತ್ತದೆ. ಚಾರ್ಮಾಡಿ, ಶಿರಾಡಿಯಂತಹ ಘಾಟಿಗಳನ್ನು ಇಳಿಯುವವರು ಇದನ್ನು ಎರಡು ಬಾರಿ ಯೋಚಿಸಬೇಕು.

ಡಾಂಬರು ರಸ್ತೆಯಲ್ಲಿಯೂ ಇದೇ ಮಾತು. ಮೀಟರಿನಲ್ಲಿ 60 ಇದ್ದಾಗ ನಿಜವಾಗಿ 67ರಲ್ಲಿ ಓಡುವ ಜೀಪನ್ನು ನಿಲ್ಲಿಸಲು, ಬ್ರೇಕಿನ ಬಲ ಮೊದಲಿನಷ್ಟೇ ಇದ್ದರೂ, ಕಾಲು ಭಾಗ ಹೆಚ್ಚು ದೂರ ಬೇಕು. ದೊಡ್ಡ ಟಯರಿನ ತೂಕವೂ ಹೆಚ್ಚು; ಅದನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಶ್ರಮ ಹೆಚ್ಚು. ಡೀಸೆಲ್ ಖರ್ಚು ಏರುತ್ತದೆ. ಚಕ್ರದ ಬೇರಿಂಗು, ಸ್ಟಿಯರಿಂಗಿನ ಬಾಲ್ ಜಾಯಿಂಟುಗಳು ಬೇಗ ಸವೆಯುತ್ತವೆ.

ಮಗುಚುವ ಭಯ

ಜೀಪಿನ ಎಡಬಲ ಚಕ್ರಗಳ ನಡುವಿನ ಅಂತರ 1,400 ಮಿ.ಮೀ., ಭಾರದ ಕೇಂದ್ರ ನೆಲದಿಂದ 650 ಮಿ.ಮೀ. ಎತ್ತರದಲ್ಲಿದೆ ಎನ್ನೋಣ. ಲೆಕ್ಕದ ಪ್ರಕಾರ ಅದು ಸುಮಾರು 47 ಡಿಗ್ರಿ ವಾಲಿದಾಗ ಮಗುಚುತ್ತದೆ. ಸ್ಪ್ರಿಂಗು ಮತ್ತು ಟಯರು ಸೇರಿ ಭಾರದ ಕೇಂದ್ರವನ್ನು 100 ಮಿ.ಮೀ. ಎತ್ತರಿಸಿದರೆ ಇದು 43 ಡಿಗ್ರಿಗೆ ಇಳಿಯುತ್ತದೆ. ಇದು ನಿಂತ ಜೀಪಿನ ಲೆಕ್ಕ. ಓಡುವಾಗ, ಸ್ಪ್ರಿಂಗು ಒಂದು ಬದಿಗೆ ಕುಸಿದಾಗ, ಮೇಲೆ ಅಡಿಕೆ ಚೀಲ ಹೇರಿದಾಗ, ಹಿಂದೆ ಜನ ನಿಂತಾಗ ಇದಕ್ಕಿಂತ ಬಹಳ ಮೊದಲೇ ಮಗುಚುತ್ತದೆ. ಕಟ್ಟಪುಣಿಯ ಮೇಲೆ, ತೋಡಿನ ಬದಿಯಲ್ಲಿ ಒಂದು ಚಕ್ರ ಜಾರಿದರೆ ಉಳಿಯುವ ಅವಕಾಶ ಆ ನಾಲ್ಕು ಡಿಗ್ರಿಯಲ್ಲಿಯೇ ಇರಬಹುದು.

ಅಗಲ ಟಯರೋ, ಕಿರಿದು ಟಯರೋ?

ಅಗಲವಾದಷ್ಟೂ ಒಳ್ಳೆಯದು ಎಂಬುದು ಎಲ್ಲ ಮಣ್ಣಿಗೂ ಹೊಂದುವ ಮಾತಲ್ಲ. ಮರಳಿನಲ್ಲಿ ಅಗಲ ಟಯರು ತೇಲಿದಂತೆ ಸಾಗುತ್ತದೆ. ನಮ್ಮ ಗುಡ್ಡದ ದಾರಿಗಳ ಸ್ವಭಾವ ಬೇರೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆಗೆ ಮೇಲಿನ ಕೆಂಪು ಮಣ್ಣು ಕೆಸರಾಗುತ್ತದೆ. ಅದರ ಅಡಿಯಲ್ಲಿ ಹಲವು ಕಡೆ ಗಟ್ಟಿ ಮುರ ಇರುತ್ತದೆ. ಇಂತಹಲ್ಲಿ ಕಿರಿದಾದ ಟಯರು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲ ಟಯರು ಕೆಸರಿನ ಮೇಲೆಯೇ ಜಾರುತ್ತದೆ. 6 ಅಂಗುಲ ಅಗಲದ ಟಯರಿನ ಹಳೆಯ ಜೀಪುಗಳು ಮಳೆಗಾಲದಲ್ಲಿಯೂ ಗುಡ್ಡ ಹತ್ತುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಅಡಿಯಲ್ಲಿ ಗಟ್ಟಿ ನೆಲವಿಲ್ಲದ ಬೈಲುಗದ್ದೆಯ ಜೇಡಿಯಲ್ಲಿ ಯಾವ ಜೀಪಿನ ಟಯರೂ ಸಾಲದು. ಅದು ಟ್ರಾಕ್ಟರಿನ ಕೆಲಸ.

ಬಟನ್ ಆರಿಸುವುದು

ಟಯರಿನ ಮೇಲ್ಮೈಯ ಉಬ್ಬುಗಳಿಗೆ ಚಾಲಕರು ಬಟನ್ ಎನ್ನುತ್ತಾರೆ. ಬಟನ್ನಿನ ಪ್ರಕಾರ ಟಯರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

1. ರಸ್ತೆ ಟಯರು: ಸಣ್ಣ ಗೆರೆಗಳು, ಒತ್ತಾದ ಮೇಲ್ಮೈ. ಕಾಂಕ್ರೀಟು, ಡಾಂಬರಿನಲ್ಲಿ ಒಳ್ಳೆಯ ಹಿಡಿತ. ಕೆಸರಿನಲ್ಲಿ ಗೆರೆಗಳು ಕ್ಷಣದಲ್ಲಿ ತುಂಬಿಹೋಗುತ್ತವೆ.

2. ಮಿಶ್ರ ಟಯರು: ಅಂಗಡಿಯಲ್ಲಿ 'ಆಲ್ ಟೆರೇನ್' ಎಂದು ಕೇಳಿ. ಮಧ್ಯಮ ಬಟನ್, ಮಧ್ಯಮ ಸಂದು. ರಸ್ತೆ ಮತ್ತು ತೋಟ ಎರಡಕ್ಕೂ ನಡೆಯುತ್ತದೆ.

3. ಕೆಸರು ಟಯರು: 'ಮಡ್ ಟೆರೇನ್' ಎನ್ನುತ್ತಾರೆ. ದೊಡ್ಡ ಬಟನ್, ಅಗಲ ಸಂದು. ತಿರುಗುವಾಗ ಕೆಸರನ್ನು ಹೊರಕ್ಕೆ ಎಸೆಯುತ್ತದೆ. ಆದರೆ ಗಟ್ಟಿ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾದ್ದರಿಂದ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ, ನಿಲ್ಲಲು ಹೆಚ್ಚು ದೂರ ಬೇಕು, ಸದ್ದೂ ಹೆಚ್ಚು.

ಮಂಗಳೂರು ನಗರದ ಮುಖ್ಯ ರಸ್ತೆಗಳಲ್ಲಿ ಬಹುಪಾಲು ಕಾಂಕ್ರೀಟಿನವು, ಊರೇ ಏರುತಗ್ಗಿನದು. ಮಳೆಯಲ್ಲಿ ಕದ್ರಿ, ಬೆಂದೂರು ಕಡೆಯ ಇಳಿಜಾರುಗಳಲ್ಲಿ ಕೆಸರು ಟಯರಿನ ಜೀಪನ್ನು ಬಹಳ ಎಚ್ಚರದಿಂದ ನಡೆಸಬೇಕಾಗುತ್ತದೆ. ನಿಮ್ಮ ಜೀಪು ತಿಂಗಳಲ್ಲಿ ಎಷ್ಟು ಕಿ.ಮೀ. ರಸ್ತೆಯಲ್ಲಿ, ಎಷ್ಟು ಕಿ.ಮೀ. ಕೆಸರಿನಲ್ಲಿ ಓಡುತ್ತದೆ ಎಂಬುದನ್ನು ಬರೆದಿಡಿ. ಅರ್ಧಕ್ಕಿಂತ ಹೆಚ್ಚು ಓಟ ರಸ್ತೆಯಲ್ಲಿದ್ದರೆ ಮಿಶ್ರ ಟಯರೇ ಸೂಕ್ತ. ತೋಟ ಬಿಟ್ಟು ಹೊರಗೆ ಹೋಗದ ಜೀಪಿಗೆ ಮಾತ್ರ ಕೆಸರು ಟಯರು ಸರಿ.

ಗಾಳಿ ಮತ್ತು ಚೈನು: ಕಡಿಮೆ ಖರ್ಚಿನ ಉಪಾಯಗಳು

ದೊಡ್ಡ ಟಯರಿಗೆ ಹಣ ಹಾಕುವ ಮೊದಲು ಇರುವ ಟಯರಿನಲ್ಲಿ ಗಾಳಿ ಇಳಿಸಿ ನೋಡಿ. ರಸ್ತೆಯಲ್ಲಿ 30 ಪೌಂಡು ಗಾಳಿ ಇರುವ ಟಯರನ್ನು ತೋಟದ ದಾರಿಯಲ್ಲಿ 20 ಪೌಂಡಿಗೆ ಇಳಿಸಿದರೆ ಟಯರು ಉದ್ದಕ್ಕೆ ಹರಡಿಕೊಂಡು ಹೆಚ್ಚು ನೆಲ ಹಿಡಿಯುತ್ತದೆ. ಆದರೆ ಈ ಎಚ್ಚರಿಕೆಗಳನ್ನು ಪಾಲಿಸಬೇಕು:

– ಗಾಳಿ ಇಳಿಸಿದ ಟಯರಿನಲ್ಲಿ ಗಂಟೆಗೆ 20 ಕಿ.ಮೀ. ಮೀರಬಾರದು.
– ಪೂರ್ಣ ಭಾರ ಹೇರಿದಾಗ ಹಿಂದಿನ ಟಯರಿನ ಗಾಳಿ ಇಳಿಸಬಾರದು.
– ಟ್ಯೂಬು ಇರುವ ಟಯರಿನಲ್ಲಿ ಗಾಳಿ ತೀರ ಕಡಿಮೆಯಾದರೆ ರಿಮ್ಮಿನ ಮೇಲೆ ಟಯರು ಜಾರಿ ವಾಲ್ವ್ ಕಿತ್ತುಹೋಗುತ್ತದೆ.
– ರಸ್ತೆಗೆ ಬರುವ ಮೊದಲೇ ಮತ್ತೆ ಗಾಳಿ ತುಂಬಬೇಕು. ಇದಕ್ಕೆ ಜೀಪಿನಲ್ಲಿ ಪಂಪು ಮತ್ತು ಗಾಳಿ ಅಳೆಯುವ ಮಾಪಕ ಇರಲಿ.

ಮಲೆನಾಡು ಮತ್ತು ಕೊಡಗಿನ ಜೀಪಿನವರು ಮಳೆಗಾಲದಲ್ಲಿ ಟಯರಿಗೆ ಚೈನು ಕಟ್ಟುವುದು ಹಳೆಯ ಪದ್ಧತಿ. ನಾಲ್ಕು ಹೊಸ ಟಯರಿನ ಬೆಲೆಗೆ ಹೋಲಿಸಿದರೆ ಇದರ ಖರ್ಚು ಅಲ್ಪ. ಚೈನು ಬಿಗಿಯಾಗಿರಬೇಕು, ತಿರುಗುವಾಗ ಬ್ರೇಕಿನ ಕೊಳವೆಗೆ, ಮಡ್‌ಗಾರ್ಡಿಗೆ ಬಡಿಯಬಾರದು. ಡಾಂಬರಿಗೆ ಬಂದ ಕೂಡಲೇ ಬಿಚ್ಚಬೇಕು.

ಅಳವಡಿಸುವ ಮೊದಲು ಅಳೆಯಿರಿ

ಇಷ್ಟರ ಮೇಲೂ ದೊಡ್ಡ ಟಯರು ಬೇಕೆಂದು ನಿಶ್ಚಯಿಸಿದರೆ ಗ್ಯಾರೇಜಿನಲ್ಲಿ ಕೆಳಗಿನ ಪರೀಕ್ಷೆಗಳನ್ನು ಎದುರಿಗೆ ನಿಂತು ಮಾಡಿಸಿ.

1. ಒಂದು ಟಯರನ್ನು ಮಾತ್ರ ಜೋಡಿಸಿ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಸ್ಪ್ರಿಂಗು, ಛಾಸಿ, ಬ್ರೇಕಿನ ರಬ್ಬರು ಕೊಳವೆ ಇವುಗಳಿಂದ ಕನಿಷ್ಠ ಒಂದು ಅಂಗುಲ ಬಿಡುವು ಇರಬೇಕು.

2. ಆ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ ಸ್ಪ್ರಿಂಗು ಪೂರ್ತಿ ಅದುಮಿದಾಗ ಮಡ್‌ಗಾರ್ಡಿಗೆ ತಾಗುವುದೇ ನೋಡಿ. ಸಮತಟ್ಟಾದ ನೆಲದಲ್ಲಿ ತಾಗದ ಟಯರು ಹೊಂಡದಲ್ಲಿ ತಾಗುತ್ತದೆ.

3. ಎತ್ತರಿಸಿದ ಜೀಪಿನಲ್ಲಿ ಚಕ್ರ ಕೆಳಗೆ ಜೋತಾಗ ಬ್ರೇಕಿನ ಕೊಳವೆ ಬಿಗಿಯಾಗಬಾರದು. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿದ್ದರೆ ಕ್ರಾಸ್ ಜಾಯಿಂಟು ಬೇಗ ಹೋಗುತ್ತದೆ. ಓಡುವಾಗ ನಡುಕ ಬಂದರೆ ಇದನ್ನೇ ಮೊದಲು ಪರೀಕ್ಷಿಸಿ.

4. ನಾಲ್ಕು ಚಕ್ರಕ್ಕೂ ಒಂದೇ ಅಳತೆಯ, ಒಂದೇ ಬಗೆಯ ಟಯರು ಇರಬೇಕು. ಹಿಂದಕ್ಕೆ ಮಾತ್ರ ದೊಡ್ಡದು ಹಾಕಿದರೆ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಗೇರುಪೆಟ್ಟಿಗೆ ಕೆಡುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ.

5. ಟಯರು ಅಗಲವಾಗಿದ್ದರೆ ರಿಮ್ಮೂ ಅದಕ್ಕೆ ಹೊಂದಬೇಕು. ಸ್ಪೇಸರ್ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳಿದರೆ ಬೇರಿಂಗಿನ ಮೇಲಿನ ಭಾರ ಹೆಚ್ಚುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿ ಇಲ್ಲದ ಪ್ರತಿಯೊಂದು ಮಾರ್ಪಾಡಿಗೆ ವಾಹನದ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಪರಿಹಾರಕ್ಕೂ ತಕರಾರು ಬರಬಹುದು. ಆದ್ದರಿಂದ ರಸ್ತೆಗೆ ತರುವ ಜೀಪಿನ ಯಾವುದೇ ಬದಲಾವಣೆಗೆ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ ಮಾದರಿಗೆ ತಯಾರಕರೇ ಒಪ್ಪಿರುವ ಟಯರಿನ ಅಳತೆಗಳು ವಾಹನದ ಕೈಪಿಡಿಯಲ್ಲಿ ಇರುತ್ತವೆ. ಆ ಮಿತಿಯೊಳಗೆ ಇರುವುದು ಎಲ್ಲಕ್ಕಿಂತ ಕ್ಷೇಮ.

ಅಂಗಡಿಯಲ್ಲಿ ನೋಡಬೇಕಾದದ್ದು

– ಅಳತೆಯ ಮುಂದೆ 100 ಎಸ್ ಎಂಬಂತಹ ಬರಹವಿರುತ್ತದೆ. ಅಂಕಿ ಭಾರದ ಸಂಕೇತ: 100 ಎಂದರೆ ಒಂದು ಟಯರು 800 ಕಿಲೋ, 104 ಎಂದರೆ 900 ಕಿಲೋ ಹೊರಬಲ್ಲದು. ಅಕ್ಷರ ವೇಗದ ಸಂಕೇತ. ಹೊಸ ಟಯರಿನ ಭಾರ ಮತ್ತು ವೇಗದ ಸಂಕೇತಗಳು ಹಳೆಯದಕ್ಕಿಂತ ಕಡಿಮೆ ಇರಬಾರದು.
– ತಯಾರಾದ ದಿನ ನಾಲ್ಕು ಅಂಕಿಗಳಲ್ಲಿ ಇರುತ್ತದೆ. 2324 ಎಂದರೆ 2024ನೆಯ ಇಸವಿಯ 23ನೆಯ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಟಯರು ಬೇಡ.
– ಐಎಸ್‌ಐ ಗುರುತು ಇದೆಯೇ ನೋಡಿ.
– ರೀಸೋಲ್ ಮಾಡಿದ ಅಥವಾ ಬೇರೆಯವರು ಬಳಸಿ ಬಿಟ್ಟ ದೊಡ್ಡ ಟಯರನ್ನು ಅಗ್ಗವೆಂದು ಮುಂದಿನ ಚಕ್ರಕ್ಕೆ ಹಾಕಬೇಡಿ.
– ನಿಯಮದ ಪ್ರಕಾರ ಬಟನ್ನಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟಯರು ರಸ್ತೆಗೆ ಇಳಿಯಬಾರದು. ಕೆಸರಿನ ಕೆಲಸಕ್ಕೆ ಅಷ್ಟು ಆಳ ಏನೇನೂ ಸಾಲದು. ಮಳೆಗಾಲಕ್ಕೆ ಮುಂಚೆಯೇ, ಮೇ ತಿಂಗಳಿನಲ್ಲಿ, ಅಳೆದು ನೋಡಿ.

ಹೀಗೆ ಎಲ್ಲವನ್ನೂ ತೂಗಿ ನೋಡಿದರೆ, ಹೆಚ್ಚಿನ ಬೆಳೆಗಾರರಿಗೆ ಬೇಕಾಗುವುದು ಮೂಲ ಅಳತೆಯ ಅಥವಾ ತಯಾರಕರು ಒಪ್ಪಿದ್ದರೆ ಒಂದೇ ಮೆಟ್ಟಿಲು ದೊಡ್ಡದಾದ, ಹೆಚ್ಚು ಅಗಲವಿಲ್ಲದ ಮಿಶ್ರ ಟಯರು. ಅದರ ಜೊತೆಗೆ ಗಾಳಿಯ ಮಾಪಕ, ಒಂದು ಜೊತೆ ಚೈನು, ಮಳೆನೀರು ಹರಿದುಹೋಗಲು ಕಣಿ ತೆಗೆದ ತೋಟದ ದಾರಿ ಇದ್ದರೆ ಮಳೆಗಾಲದ ಕೆಲಸ ನಡೆಯುತ್ತದೆ. ಈಗಾಗಲೇ ಜೀಪು ಎತ್ತರಿಸಿರುವವರು ಖಾಲಿ ಜಾಗ ಇದೆಯೆಂದು ಅದನ್ನು ತುಂಬಲು ಹೋಗಬಾರದು. ಕೆಲಸ ಸಾಗಿಸುವ ಅತಿ ಸಣ್ಣ ಟಯರನ್ನೇ ಆರಿಸಿ, ಬ್ರೇಕನ್ನು ಹೊಸದಾಗಿ ಪರೀಕ್ಷೆ ಮಾಡಿಸಿ, ಭಾರ ಕಡಿಮೆ ಹೇರಬೇಕು. ಹೊಸ ಟಯರು ಹಾಕಿಸಿದ ಮೇಲೆ ಮೊದಲ ಬಾರಿ ತೋಟಕ್ಕೆ ಇಳಿಯುವಾಗ ಹಿಂದೆ ಆಳುಗಳನ್ನು ಕೂರಿಸಿಕೊಳ್ಳದೆ, ಖಾಲಿ ಜೀಪನ್ನು ಒಂದನೆಯ ಗೇರಿನಲ್ಲಿ ಇಳಿಸಿ, ಎಂಜಿನ್ನು ಎಷ್ಟು ತಡೆಯುತ್ತದೆ, ಬ್ರೇಕು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಡುಕೊಳ್ಳಿ.